ಪ್ಯಾರಿಸ್ ಬಿಟ್ಟು ಫ್ರಾನ್ಸಿನ ಹಳ್ಳಿ ಕಡೆ ಒಂದೇ ಒಂದು ಹಳೆಯ ಚರ್ಚ್ ನೋಡುವುದಾದರೆ ಯಾವುದು? ಅವನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ?

ಒಂದೇ ಅಂದರೆ ನನ್ನ ಓಟು ವಿಕ್ ಊರಿನ ಸಂತ ಮಾರ್ಟಿನ್ ಚರ್ಚಿಗೆ. ಫ್ರಾನ್ಸಿನ ನಟ್ಟನಡುವೆ, ಆಂದ್ರ್ ಜಿಲ್ಲೆಯಲ್ಲಿ ನೊಆಂ-ವಿಕ್ ಅಂತ ಸುಮಾರು 500 ಜನರ ಜೋಡಿ ಹಳ್ಳಿಯಿದೆ, ಅಲ್ಲಿ. ಹೊರಗಿನಿಂದ ನೋಡಿದರೆ ಏನೂ ಇಲ್ಲ, ಇದಕ್ಕಾ ಇಷ್ಟು ದೂರ ಬಂದಿದ್ದು ಅನ್ನಿಸುತ್ತೆ. ಒಳಗೆ ಬಲಿಪೀಠದ ಹತ್ತಿರ ಹೋಗಿ, ಆಮೇಲೆ ಮಾತಾಡಿ.

ಅಲ್ಲಿನ ಗೋಡೆಗಳ ತುಂಬ 12ನೇ ಶತಮಾನದ ಭಿತ್ತಿಚಿತ್ರಗಳು. ಬಹುಪಾಲು ಕೆಮ್ಮಣ್ಣು, ಹಳದಿ ಮಣ್ಣಿನ ಬಣ್ಣ. ಶಿಷ್ಯ ಯೂದಾಸ ಯೇಸುವನ್ನು ಹಿಡಿದುಕೊಡಲು ಮುತ್ತಿಡುವ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮುಖಕ್ಕೆ ಮುಖ ಒತ್ತಿಕೊಂಡಿದೆ, ಸುತ್ತ ಸಂತೆಯಂತೆ ನುಗ್ಗಿದ ಜನ, ಎಲ್ಲರದ್ದೂ ದೊಡ್ಡ ದೊಡ್ಡ ಕಣ್ಣು. ನನಗೆ ಇನ್ನೂ ಇಷ್ಟವಾದದ್ದು ಸಂತ ಮಾರ್ಟಿನ್‌ನ ಶವ ಕದಿಯುವ ಕಥೆ. ತೂರ್ ಊರಿನ ಬಿಷಪ್ ಆಗಿದ್ದ ಆತ 397ರಲ್ಲಿ ಕಾಂಡ್ ಎಂಬ ಊರಲ್ಲಿ ತೀರಿಕೊಂಡಾಗ ಹೆಣ ನಮಗೆ ಸೇರಬೇಕು ಅಂತ ತೂರ್ ಮತ್ತು ಪ್ವಾತಿಯೇ ಊರಿನವರು ಕಿತ್ತಾಡಿದರಂತೆ. ಪ್ವಾತಿಯೇದವರು ನಿದ್ದೆ ಹೋದ ಮೇಲೆ ತೂರ್‌ನವರು ಹೆಣವನ್ನು ಕಿಟಕಿಯಿಂದ ಆಚೆ ದಾಟಿಸಿ, ದೋಣಿಗೆ ಹಾಕಿಕೊಂಡು ಹೊರಟೇಬಿಟ್ಟರು. ಚರ್ಚಿನ ಗೋಡೆ ಮೇಲೆ ಕಳ್ಳತನವನ್ನು ಇಷ್ಟು ಹೆಮ್ಮೆಯಿಂದ ಬರೆಸಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ!

ಇವೆಲ್ಲ ಬಹಳ ಕಾಲ ಸುಣ್ಣದ ಕೆಳಗೆ ಮುಚ್ಚಿಹೋಗಿದ್ದವು. ಅದರಿಂದ ಒಳ್ಳೆಯದೇ ಆಯಿತು, ಹಾಳಾಗದೆ ಉಳಿದವು. 1849ರಲ್ಲಿ ಊರಿನ ಪಾದ್ರಿ ಪೆರಿಗೋ ಅವರ ಕಣ್ಣಿಗೆ ಬಿದ್ದವು. ಪಕ್ಕದ ನೊಆಂನಲ್ಲೇ ಕಾದಂಬರಿಗಾರ್ತಿ ಜಾರ್ಜ್ ಸಾಂಡ್ ಮನೆ. ಆಕೆ ಸುದ್ದಿ ಮುಟ್ಟಿಸಿದ್ದು ಪ್ರಾಸ್ಪೆರ್ ಮೆರಿಮೆಗೆ. ಆತನೂ ಲೇಖಕ, ಜೊತೆಗೆ 1834ರಿಂದ ಐತಿಹಾಸಿಕ ಸ್ಮಾರಕಗಳ ಸರ್ಕಾರಿ ಇನ್‌ಸ್ಪೆಕ್ಟರ್. (1833ರಲ್ಲಿ ಇವರಿಬ್ಬರ ಪ್ರೇಮ ಶುರುವಾದಷ್ಟೇ ಬೇಗ ಮುರಿದುಬಿದ್ದಿತ್ತು. ಪುಣ್ಯಕ್ಕೆ ಆ ಸಿಟ್ಟು ಇಲ್ಲಿ ಅಡ್ಡ ಬರಲಿಲ್ಲ.) ಚರ್ಚ್ ಸಂರಕ್ಷಿತ ಸ್ಮಾರಕವಾಯಿತು.

ಇನ್ನು ನೋಡಿಕೊಳ್ಳುವವರ ವಿಚಾರ. 1905ರ ಕಾನೂನು ಧರ್ಮ ಮತ್ತು ಸರ್ಕಾರವನ್ನು ಬೇರೆ ಮಾಡಿತು. ಅದಕ್ಕಿಂತ ಹಳೆಯ ಹಳ್ಳಿ ಚರ್ಚುಗಳಿಗೆ ಬಹುತೇಕ ಊರಿನ ಪಂಚಾಯಿತಿಯೇ ಮಾಲೀಕ, ಪಾದ್ರಿಗೆ ಪೂಜೆಗೆ ಬಿಟ್ಟಿ ಬಳಕೆ. ಅಂದರೆ ಹೆಂಚು ಜಾರಿದರೆ, ಗಂಟೆಗೋಪುರ ವಾಲಿದರೆ ಖರ್ಚು ಮೇಯರ್ ತಲೆ ಮೇಲೆ. ಸ್ಮಾರಕದ ಪಟ್ಟಿಯಲ್ಲಿದ್ದರೆ ಸರ್ಕಾರದ ಅನುದಾನ ಒಂದಿಷ್ಟು ಸಿಗುತ್ತೆ. 2018ರಿಂದ ಇಂಥ ಕಟ್ಟಡಗಳಿಗಾಗಿಯೇ ಒಂದು ಲಾಟರಿಯನ್ನೂ ನಡೆಸುತ್ತಿದ್ದಾರೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಆದರೋ ಸರ್ಕಾರದ ಆಸ್ತಿ, 2019ರ ಬೆಂಕಿಯ ನಂತರ ಅದಕ್ಕೆ 80 ಕೋಟಿ ಯೂರೋಗೂ ಮೀರಿ ದೇಣಿಗೆ ಹರಿದುಬಂತು. ಹಳ್ಳಿಯವರಿಗೆ ಹೊಟ್ಟೆ ಉರಿಯದೇ ಇರುತ್ತಾ?

ಹೋಗುವುದು ಕಷ್ಟವಲ್ಲ. ಪ್ಯಾರಿಸ್ಸಿನ ಔಸ್ಟರ್ಲಿಟ್ಸ್ ನಿಲ್ದಾಣದಿಂದ ಶಾತೊರೂವರೆಗೆ ಎರಡು ಗಂಟೆ ಚಿಲ್ಲರೆ ರೈಲು, ಅಲ್ಲಿಂದ ಕಾರು ಮಾಡಿಕೊಂಡರೆ ವಾಸಿ. ಸಾಂಡ್ ಮನೆಯನ್ನೂ ಅದೇ ದಿನ ನೋಡಬಹುದು, ಸಂಗೀತಗಾರ ಶೋಪ್ಯಾನ್ ಬೇಸಿಗೆಗಳನ್ನು ಕಳೆದದ್ದು ಅಲ್ಲೇ. ದಾರಿಯಲ್ಲಿ ಬೇರೆ ಯಾವುದಾದರೂ ಹಳ್ಳಿ ಚರ್ಚಿಗೆ ಬೀಗ ಹಾಕಿದ್ದರೆ ಹಾಗೇ ವಾಪಸ್ ಬರಬೇಡಿ. ಮೇಯರ್ ಕಚೇರಿಯಲ್ಲೋ ಎದುರು ಮನೆಯಲ್ಲೋ ಕೀಲಿ ಕೇಳಿ, ಎಷ್ಟೋ ಕಡೆ ಕೊಡುತ್ತಾರೆ. ಮಧ್ಯಾಹ್ನ 12ರಿಂದ 2ರವರೆಗೆ ಮಾತ್ರ ಹೋಗಬೇಡಿ, ಅದು ಊಟದ ಹೊತ್ತು.