ಸಂಪಾದಕರ ಉತ್ತರ: ಸೀಸೆಯೊಳಗಿನ ಪ್ರೋಟೀನ್, ಮೊಮ್ಮಗಳ ಹೆಬ್ಬೆರಳು

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು, ಭ್ರೂಣದ ಬೆಳವಣಿಗೆಯ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿ ದೀರ್ಘ ಪತ್ರ ಬರೆದಿದ್ದಾರೆ. ಮೊಟ್ಟೆಯೊಳಗಿನ ಕೋಳಿ ಭ್ರೂಣದ ರೆಕ್ಕೆಯ ಮೊಗ್ಗಿಗೆ ‘ರಿಕಾಂಬಿನೆಂಟ್ ಹ್ಯೂಮನ್ ಸೋನಿಕ್ ಹೆಡ್ಜ್‌ಹಾಗ್’ ಎಂಬ ಪ್ರೋಟೀನನ್ನು ಸೋಕಿಸಿದರೆ ಹೆಚ್ಚುವರಿ ಬೆರಳುಗಳು ಮೂಡುತ್ತವೆ ಎಂದು ಲೇಖನದಲ್ಲಿದ್ದ ಒಂದು ಸಾಲು ಅವರನ್ನು ಕಾಡಿದೆ. ಮನುಷ್ಯನ ಪ್ರೋಟೀನನ್ನು ಯಾರ ದೇಹದಿಂದ ತೆಗೆದರು, ಮನುಷ್ಯನದು ಕೋಳಿಗೆ ಹೇಗೆ ಒಗ್ಗಿತು, ಬೆರಳು ಮೂಡಿಸುವಷ್ಟು ಶಕ್ತಿಯುಳ್ಳ ವಸ್ತುವನ್ನು ಅಂಗವಿಕಲರಿಗೆ ಔಷಧವಾಗಿ ಏಕೆ ಕೊಡುತ್ತಿಲ್ಲ ಎಂದು ಅವರು ಕೇಳಿದ್ದಾರೆ. ಪತ್ರದ ಕೊನೆಗೆ ಇನ್ನೊಂದು ವಿಷಯವಿದೆ. ಅವರ ಮೊಮ್ಮಗಳು ಬಲಗೈಯಲ್ಲಿ ಎರಡು ಹೆಬ್ಬೆರಳುಗಳೊಂದಿಗೆ ಹುಟ್ಟಿದ್ದಾಳೆ. ಸೊಸೆ ಏಳು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದಿದ್ದೇ ಇದಕ್ಕೆ ಕಾರಣವೆಂದು ಮನೆಯಲ್ಲಿ ಹೇಳುತ್ತಿದ್ದಾರಂತೆ. ಆಕೆ ಯಾರೊಡನೆಯೂ ಮಾತಾಡುವುದನ್ನೇ ಬಿಟ್ಟಿದ್ದಾಳಂತೆ. ಪತ್ರ ಬರೆದವರ ಹೆಸರನ್ನೂ ಊರನ್ನೂ ಇಲ್ಲಿ ಕೊಡುತ್ತಿಲ್ಲ.

ಮಾನ್ಯರೇ, ತಾವು ಕೊನೆಯಲ್ಲಿ ಬರೆದಿರುವುದಕ್ಕೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವ ಪ್ರಶ್ನೆಯಲ್ಲ. ಮಾನವ ಭ್ರೂಣದಲ್ಲಿ ಕೈಯ ಮೊಗ್ಗು ಕಾಣಿಸಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ. ಎಂಟನೆಯ ವಾರ ಮುಗಿಯುವ ಹೊತ್ತಿಗೆ ಬೆರಳುಗಳು ಬಿಡಿಬಿಡಿಯಾಗಿ ರೂಪುಗೊಂಡಿರುತ್ತವೆ. ಆಮೇಲೆ ಅವು ಬೆಳೆಯುತ್ತವೆಯೇ ಹೊರತು ಅವುಗಳ ಸಂಖ್ಯೆ ಬದಲಾಗುವುದಿಲ್ಲ. ತಮ್ಮ ಸೊಸೆ ಏಳನೆಯ ತಿಂಗಳಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ದಿನಕ್ಕೆ ನಾಲ್ಕು ತಿಂಗಳಿಗೂ ಹಿಂದೆಯೇ ಆ ಮಗುವಿನ ಎರಡನೆಯ ಹೆಬ್ಬೆರಳು ಅಲ್ಲಿತ್ತು. ಆ ದಿನ ಆಕೆ ಏನು ಮಾಡಿದ್ದರೂ, ಏನು ಮಾಡದೆ ಕತ್ತಲೆ ಕೋಣೆಯಲ್ಲಿ ಮಲಗಿದ್ದರೂ, ಅದು ಇದ್ದೇ ಇರುತ್ತಿತ್ತು. ದಯವಿಟ್ಟು ಇದನ್ನು ಆಕೆಗೆ ಈ ಹೊತ್ತೇ ಓದಿ ಹೇಳಿ. ಉಳಿದದ್ದನ್ನು ತಾವು ಬಿಡುವಾದಾಗ ಓದಿಕೊಳ್ಳಬಹುದು.

ಈಗ ಪ್ರೋಟೀನಿನ ವಿಚಾರ. ಅದನ್ನು ಯಾವ ಮನುಷ್ಯನ ದೇಹದಿಂದಲೂ ತೆಗೆಯುವುದಿಲ್ಲ. ತಾವು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿರುವುದಾಗಿ ಬರೆದಿದ್ದೀರಿ. ಹಿಂದೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುತ್ತಿದ್ದರು. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಮಾನವ ಇನ್ಸುಲಿನ್ ಮಾತ್ರ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು. ಈ ಪ್ರೋಟೀನ್ ಕೂಡ ಸಾಮಾನ್ಯವಾಗಿ ಅದೇ ಬ್ಯಾಕ್ಟೀರಿಯಾದಲ್ಲಿ, ಅದೇ ಕ್ರಮದಲ್ಲಿ ತಯಾರಾಗುತ್ತದೆ. ಮನುಷ್ಯನ ಜೀನಿನ ಅಕ್ಷರಗಳ ಕ್ರಮವನ್ನು ಮೊದಲ ಬಾರಿಗೆ ಓದುವಾಗ ಮಾನವ ಜೀವಕೋಶಗಳ ಡಿಎನ್‌ಎ ಬೇಕಾಗಿತ್ತು, ನಿಜ. ಆದರೆ ಆ ಕ್ರಮ ಒಮ್ಮೆ ತಿಳಿದ ಮೇಲೆ, ಬೇಕಾದ ಡಿಎನ್‌ಎ ತುಂಡನ್ನು ಪ್ರಯೋಗಾಲಯದಲ್ಲೇ ರಾಸಾಯನಿಕವಾಗಿ ಜೋಡಿಸಿ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಬ್ಯಾಕ್ಟೀರಿಯಾದೊಳಗೆ ಬಿಟ್ಟು ಬೆಳೆಸಬಹುದು. ಹೆಸರಿನಲ್ಲಿರುವ ‘ರಿಕಾಂಬಿನೆಂಟ್’ ಎಂಬುದರ ಅರ್ಥ ಇದೇ. ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆಯಾಗಿ ಬೆಳೆದ ಮೇಲೆ ಅವನ್ನು ಒಡೆದು, ಅವುಗಳ ಸ್ವಂತ ಪ್ರೋಟೀನುಗಳಿಂದ ನಮಗೆ ಬೇಕಾದ ಒಂದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾದ ನಂಜು ಉಳಿದಿಲ್ಲವೆಂದು ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ.

ಇಲ್ಲಿ ಒಂದು ತೊಡಕಿದೆ, ಮತ್ತು ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗವೇ ಇದು. ನಮ್ಮ ದೇಹದಲ್ಲಿ ಈ ಪ್ರೋಟೀನ್ ಮೊದಲು 462 ಅಮೈನೊ ಆಮ್ಲಗಳ ಉದ್ದದ ಸರಪಳಿಯಾಗಿ ತಯಾರಾಗುತ್ತದೆ. ಆಮೇಲೆ ಅದು ತನ್ನನ್ನು ತಾನೇ ಎರಡಾಗಿ ಕತ್ತರಿಸಿಕೊಳ್ಳುತ್ತದೆ. ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸಂಕೇತ ಒಯ್ಯುವುದು ಈ ಪ್ರೋಟೀನಿನ ಕೆಲಸ; ಅದನ್ನು ಮಾಡುವುದು 24ನೆಯ ಅಮೈನೊ ಆಮ್ಲದಿಂದ 197ನೆಯದರವರೆಗಿನ ಮುಂಭಾಗ ಮಾತ್ರ. ಕತ್ತರಿಸಿಕೊಳ್ಳುವ ಆ ಗಳಿಗೆಯಲ್ಲೇ ಅದರ ಬಾಲಕ್ಕೆ ಒಂದು ಕೊಲೆಸ್ಟರಾಲ್ ಅಣು ಅಂಟಿಕೊಳ್ಳುತ್ತದೆ ಎಂಬುದನ್ನು 1996ರಲ್ಲಿ ಫಿಲಿಪ್ ಬೀಚಿ ಮತ್ತು ಸಂಗಡಿಗರು ತೋರಿಸಿದರು. ಹೃದಯದ ವೈದ್ಯರು ಕೆಟ್ಟದ್ದೆಂದು ಎಚ್ಚರಿಸುವ ಅದೇ ಕೊಲೆಸ್ಟರಾಲ್ ಇಲ್ಲದಿದ್ದರೆ ಭ್ರೂಣದ ಬೆಳವಣಿಗೆಯೇ ನೆಟ್ಟಗೆ ನಡೆಯದು. ತಲೆಯ ತುದಿಯ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಪಾಮಿಟಿಕ್ ಆಮ್ಲವೆಂಬ ಇನ್ನೊಂದು ಕೊಬ್ಬು ಸೇರುತ್ತದೆ. ಬ್ಯಾಕ್ಟೀರಿಯಾಕ್ಕೆ ಈ ಎರಡನ್ನೂ ಅಂಟಿಸುವ ವಿದ್ಯೆ ಗೊತ್ತಿಲ್ಲ. ಹಾಗಾಗಿ ಅಲ್ಲಿ ತಯಾರಾದ ಪ್ರೋಟೀನ್ ಆಕಾರದಲ್ಲಿ ಸರಿಯಿದ್ದರೂ ಕಸುವಿನಲ್ಲಿ ಬಡವಾಗಿರುತ್ತದೆ. ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿದೆ: ತುದಿಯ ಸಿಸ್ಟೀನನ್ನು ತೆಗೆದು ಅದರ ಜಾಗದಲ್ಲಿ ನೀರಿಗೆ ಒಲ್ಲದ ಐಸೊಲ್ಯೂಸಿನ್ ಎಂಬ ಎರಡು ಅಮೈನೊ ಆಮ್ಲಗಳನ್ನು ಇಟ್ಟರು. ಕೊಬ್ಬಿನ ಕೆಲಸವನ್ನು ಅವು ತಕ್ಕಮಟ್ಟಿಗೆ ಮಾಡುತ್ತವೆ, ಪ್ರೋಟೀನಿನ ಕಸುವು ಬಹಳಷ್ಟು ಮರಳುತ್ತದೆ. ಪ್ರತಿ ಬಾರಿ ತಯಾರಿಸಿದಾಗಲೂ ಅದರ ಕಸುವನ್ನು ಇಲಿಯ ಒಂದು ಬಗೆಯ ಜೀವಕೋಶಗಳ ಮೇಲೆ ಅಳೆಯುತ್ತಾರೆ. ಸಂಕೇತ ತಲುಪಿದ ಕೋಶಗಳು ಮೂಳೆಯ ಹಾದಿ ಹಿಡಿದು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ತಯಾರಿಸತೊಡಗುತ್ತವೆ.

ಕೊನೆಗೆ ಪ್ರಯೋಗಾಲಯಕ್ಕೆ ಬರುವುದು ಕಿರುಬೆರಳಿನಷ್ಟೂ ಇಲ್ಲದ ಒಂದು ಸೀಸೆ. ಅದರಲ್ಲಿ ಸಾಮಾನ್ಯವಾಗಿ ಇರುವುದು 25 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ನಲವತ್ತು ಸಾವಿರದಲ್ಲಿ ಒಂದು ಪಾಲು. ಬರಿಗಣ್ಣಿಗೆ ಸೀಸೆ ಖಾಲಿಯೆಂದೇ ತೋರುತ್ತದೆ. ಬೆಳಕಿಗೆ ಹಿಡಿದರೆ ತಳದಲ್ಲಿ ಬಿಳಿಯ ಒಂದು ಮಸುಕು ಕಂಡರೂ ಕಂಡೀತು. ಮುಚ್ಚಳಕ್ಕೆ ಅಂಟಿದ್ದು ಕೆಳಗಿಳಿಯಲೆಂದು ಸೀಸೆಯನ್ನು ಮೊದಲು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಆಮೇಲೆ ಉಪ್ಪಿನ ದ್ರಾವಣ ಹಾಕಿ, ಕುಲುಕದೆ ನಿಧಾನವಾಗಿ ಕರಗಿಸಿ, ಸಣ್ಣ ಸಣ್ಣ ಪಾಲು ಮಾಡಿ ಶೈತ್ಯಾಗಾರದಲ್ಲಿ ಇಡುತ್ತಾರೆ. ಚೀಟಿಯ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡತಕ್ಕದ್ದಲ್ಲ ಎಂದು ಬರೆದಿರುತ್ತದೆ.

ಮನುಷ್ಯನ ಪ್ರೋಟೀನ್ ಕೋಳಿಗೆ ಒಗ್ಗುವುದು ಏಕೆಂದರೆ, ಈ ವಿಷಯದಲ್ಲಿ ಕೋಳಿಗೂ ನಮಗೂ ಬಹಳ ವ್ಯತ್ಯಾಸವಿಲ್ಲ. 1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಹಣ್ಣಿನ ನೊಣದ ಮರಿಹುಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡುತ್ತ, ದೇಹದ ಖಂಡಗಳ ವಿನ್ಯಾಸವನ್ನು ನಿರ್ಧರಿಸುವ ಜೀನುಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಒಂದು ಜೀನ್ ಕೆಟ್ಟರೆ ಹುಳುವಿನ ಹೊಟ್ಟೆಯ ಭಾಗದಲ್ಲೆಲ್ಲ ಚೂಪು ಕೂದಲು ತುಂಬಿಕೊಳ್ಳುತ್ತಿದ್ದುದರಿಂದ ಅದಕ್ಕೆ ಹೆಡ್ಜ್‌ಹಾಗ್ ಎಂದು, ಮೈಯೆಲ್ಲ ಮುಳ್ಳಿರುವ ಒಂದು ಪುಟ್ಟ ಪ್ರಾಣಿಯ ಹೆಸರಿಟ್ಟರು. ಈ ಕೆಲಸಕ್ಕಾಗಿ ಇಬ್ಬರಿಗೂ 1995ರಲ್ಲಿ ಎಡ್ವರ್ಡ್ ಲೂಯಿಸ್ ಅವರೊಂದಿಗೆ ನೊಬೆಲ್ ಬಂತು. 1993ರಲ್ಲಿ ಕ್ಲಿಫ್ ಟಾಬಿನ್, ಆಂಡ್ರ್ಯೂ ಮೆಕ್‌ಮೇಹನ್ ಮತ್ತು ಫಿಲಿಪ್ ಇಂಗಮ್ ಅವರ ತಂಡಗಳು ಬೆನ್ನೆಲುಬಿರುವ ಪ್ರಾಣಿಗಳಲ್ಲೂ ಇದರ ದಾಯಾದಿ ಜೀನುಗಳನ್ನು ಕಂಡುಹಿಡಿದವು; ಸೋನಿಕ್ ಎಂಬುದು ಆಗಿನ ಒಂದು ವಿಡಿಯೊ ಆಟದ ಪಾತ್ರದ ಹೆಸರು. ಕೋಳಿಯ ಮತ್ತು ಮನುಷ್ಯನ ವಂಶಗಳು ಬೇರೆಯಾಗಿ ಮೂವತ್ತು ಕೋಟಿ ವರ್ಷಗಳಿಗೂ ಹೆಚ್ಚಾಗಿದ್ದರೂ, ಈ ಪ್ರೋಟೀನಿನ ಸಂಕೇತ ಒಯ್ಯುವ ಭಾಗ ಎರಡರಲ್ಲೂ ಬಹುಮಟ್ಟಿಗೆ ಒಂದೇ ಆಗಿ ಉಳಿದಿದೆ. ಅದನ್ನು ಹಿಡಿಯುವ ಪ್ಯಾಚ್ಡ್ ಎಂಬ ಗ್ರಾಹಕವೂ ಹಾಗೆಯೇ. ಸಂಕೇತ ಬಾರದಿದ್ದಾಗ ಪ್ಯಾಚ್ಡ್ ತನ್ನ ಪಕ್ಕದ ಸ್ಮೂದನ್ಡ್ ಎಂಬ ಪ್ರೋಟೀನನ್ನು ಅದುಮಿ ಇಟ್ಟಿರುತ್ತದೆ. ಸಂಕೇತ ಬಂದು ಕೂತೊಡನೆ ಆ ಹಿಡಿತ ಸಡಿಲಗೊಂಡು, ಸುದ್ದಿ ಕೋಶಕೇಂದ್ರಕ್ಕೆ ತಲುಪಿ, ಹಲವು ಜೀನುಗಳು ಎಚ್ಚರಗೊಳ್ಳುತ್ತವೆ.

ಆ ಪ್ರಯೋಗ ನಡೆದದ್ದು ಹೀಗೆ. ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಕಾವಿಗಿಟ್ಟ ಮೂರು ನಾಲ್ಕನೆಯ ದಿನಕ್ಕೆ ರೆಕ್ಕೆಯ ಮೊಗ್ಗು ಮೂಡಿರುತ್ತದೆ. ಆ ಮೊಗ್ಗಿನ ಹಿಂಬದಿಯ ಅಂಚಿನ ಒಂದಿಷ್ಟು ಕೋಶಗಳನ್ನು ಕಿತ್ತು ಮುಂಬದಿಯ ಅಂಚಿಗೆ ಕಸಿ ಮಾಡಿದರೆ, ಮೂರು ಬೆರಳುಗಳ ರೆಕ್ಕೆಯಲ್ಲಿ ಕನ್ನಡಿಯಲ್ಲಿ ಕಂಡಂತೆ ಇನ್ನೂ ಮೂರು ಮೂಡಬಹುದು ಎಂದು ಜಾನ್ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ 1968ರಲ್ಲಿ ತೋರಿಸಿದ್ದರು. ಆ ಕೋಶಗಳು ಹೊರಸೂಸುವ ವಸ್ತು ಯಾವುದೆಂದು ಇಪ್ಪತ್ತೈದು ವರ್ಷ ಹುಡುಕಿದ ಮೇಲೆ ಸಿಕ್ಕ ಉತ್ತರವೇ ಸೋನಿಕ್ ಹೆಡ್ಜ್‌ಹಾಗ್. ಚಿಪ್ಪಿನಲ್ಲಿ ಸಣ್ಣ ಕಿಂಡಿ ತೆರೆದು, ಸೀಸೆಯ ಪ್ರೋಟೀನಿನಲ್ಲಿ ನೆನೆಸಿದ ಕಣ್ಣಿಗೆ ಕಂಡೂ ಕಾಣದಷ್ಟು ಕಿರಿದಾದ ಮಣಿಯೊಂದನ್ನು ಮುಂಬದಿಯ ಅಂಚಿನಲ್ಲಿಟ್ಟರೆ, ಕಸಿಯೇ ಬೇಡ, ಅದೊಂದೇ ಆ ಕೆಲಸ ಮಾಡುತ್ತದೆ. ಪ್ರಮಾಣ ಕಡಿಮೆಯಿದ್ದರೆ ರೆಕ್ಕೆಯ ಮುಂಬದಿಯ ಬೆರಳೊಂದು ಮಾತ್ರ ಹೆಚ್ಚಾಗಿ ಬರುತ್ತದೆ. ಹೆಚ್ಚಿದರೆ, ಮತ್ತು ಸಾಕಷ್ಟು ಹೊತ್ತು ಇದ್ದರೆ, ಹಿಂಬದಿಯ ಬೆರಳುಗಳೂ ಬರುತ್ತವೆ. ಅಡಿಕೆ ಬೇಯಿಸುವ ಒಲೆಯ ಬಳಿ ಎಷ್ಟು ಹತ್ತಿರ, ಎಷ್ಟು ಹೊತ್ತು ನಿಂತಿದ್ದೇವೆ ಎಂಬುದರ ಮೇಲೆ ಮೈಗೆ ತಗಲುವ ಶಾಖ ನಿರ್ಧಾರವಾಗುವಂತೆ, ಜೀವಕೋಶ ತಾನು ಏನಾಗಬೇಕೆಂಬುದನ್ನು ಈ ಪ್ರೋಟೀನಿನ ಸಾಂದ್ರತೆಯಿಂದಲೂ ಅವಧಿಯಿಂದಲೂ ತಿಳಿದುಕೊಳ್ಳುತ್ತದೆ. ಬೆನ್ನುಹುರಿಯಲ್ಲಿಯೂ ಇದೇ ಪ್ರೋಟೀನ್ ಹೊಟ್ಟೆಯ ಕಡೆಯಿಂದ ಬೆನ್ನಿನ ಕಡೆಗೆ ಹರಡಿ, ಒಂದು ಮಟ್ಟದಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನೂ ಇನ್ನೊಂದು ಮಟ್ಟದಲ್ಲಿ ಬೇರೆ ನರಕೋಶಗಳನ್ನೂ ರೂಪಿಸುತ್ತದೆ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶಗಳಿಂದ (ಸ್ಟೆಮ್ ಸೆಲ್) ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸುವವರು ಈ ಸೀಸೆಯನ್ನು ಕೊಳ್ಳುವುದು ಇದಕ್ಕಾಗಿಯೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಶಿಸುವ ಡೋಪಮಿನ್ ನರಕೋಶಗಳನ್ನು ಬೆಳೆಸುವ ವಿಧಾನಗಳಲ್ಲಿಯೂ ಅದು ಸೇರಿದೆ.

ಔಷಧವಾಗಿ ಏಕೆ ಕೊಡುವುದಿಲ್ಲ ಎಂಬುದಕ್ಕೂ ಉತ್ತರ ಅಲ್ಲಿಯೇ ಇದೆ. ಬೆರಳಿನ ನಕ್ಷೆ ಬರೆಯುವ ಕೆಲವು ದಿನಗಳು ಕಳೆದ ಮೇಲೆ ಕೈಯ ಕೋಶಗಳು ಅದೇ ಸಂಕೇತಕ್ಕೆ ಬೆರಳಿನ ಉತ್ತರ ಕೊಡುವುದಿಲ್ಲ. ಅಷ್ಟೇ ಅಲ್ಲ, ಹುಟ್ಟಿದ ಮೇಲೆ ಈ ಸಂಕೇತ ಅಂಕೆಯಿಲ್ಲದೆ ಹರಿದರೆ ಅಪಾಯ. ಪ್ಯಾಚ್ಡ್ ಜೀನ್ ಕೆಟ್ಟವರಿಗೆ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಬರುವುದನ್ನು 1996ರಲ್ಲಿ ಕಂಡುಕೊಂಡರು. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವಿಸ್ಮೊಡೆಗಿಬ್ ಎಂಬ ಔಷಧ ಈ ಸಂಕೇತವನ್ನು ತಡೆಯುವಂಥದ್ದು, ಕೊಡುವಂಥದ್ದಲ್ಲ. ಬಸುರಿಯರು ಅದನ್ನು ಸೇವಿಸಲೇಬಾರದು.

ಹೊರಗಿನ ಯಾವುದೂ ಗರ್ಭವನ್ನು ತಟ್ಟುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಐಡಾಹೊ ಬೆಟ್ಟಗಳಲ್ಲಿ ಕುರಿಗಳು ಒಂಟಿಗಣ್ಣಿನ ಮರಿ ಹಾಕುತ್ತಿದ್ದವು. ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು ವರ್ಷಗಟ್ಟಲೆ ಕುರಿಗಳ ಹಿಂದೆ ತಿರುಗಿ, ಗಬ್ಬದ ಹದಿನಾಲ್ಕನೆಯ ದಿನದ ಸುಮಾರಿಗೆ ವೆರಾಟ್ರಮ್ ಎಂಬ ಕಾಡುಗಿಡವನ್ನು ತಿಂದ ಕುರಿಗಳಿಗೆ ಹಾಗಾಗುತ್ತದೆಂದು ಪತ್ತೆ ಹಚ್ಚಿದರು. ಗಿಡದೊಳಗಿನ ಸೈಕ್ಲೊಪಮಿನ್ ಎಂಬ ವಿಷ ಹೆಡ್ಜ್‌ಹಾಗ್ ಸಂಕೇತವನ್ನು ತಡೆಯುತ್ತದೆಂಬುದು 1998ರಲ್ಲಿ ಸ್ಪಷ್ಟವಾಯಿತು. ಅಲ್ಲಿ ವಿಷವಿತ್ತು, ಅದು ರಕ್ತಕ್ಕೆ ಸೇರುವ ದಾರಿಯಿತ್ತು, ಕಣ್ಣು ರೂಪುಗೊಳ್ಳುವ ದಿನಕ್ಕೇ ಅದು ತಲುಪಿತ್ತು. ಗ್ರಹಣದ ನೆರಳಿಗೂ ಮೆಟ್ಟುಗತ್ತಿಗೂ ಈ ಮೂರರಲ್ಲಿ ಒಂದೂ ಇಲ್ಲ.

ಹಾಗಾದರೆ ತಮ್ಮ ಮೊಮ್ಮಗಳಿಗೆ ಏನಾಗಿದ್ದಿರಬಹುದು? ಸೋನಿಕ್ ಹೆಡ್ಜ್‌ಹಾಗ್ ಜೀನ್ ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂದು ಹೇಳುವ ಒಂದು ಡಿಎನ್‌ಎ ತುಣುಕು, ಜೀನಿನಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿ, ಬೇರೊಂದು ಜೀನಿನ ಒಳಗೆ ಕೂತಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಂಕೇತ ಹೆಬ್ಬೆರಳ ಕಡೆಯ ಅಂಚಿನಲ್ಲೂ ಸೂಸಿ, ಆ ಕಡೆ ಹೆಚ್ಚುವರಿ ಬೆರಳು ಮೂಡಬಹುದೆಂದು 2003ರಲ್ಲಿ ಗೊತ್ತಾಯಿತು. ಹೀಗೆ ಬರುವ ಕುಟುಂಬಗಳಲ್ಲಿ ಅದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧದಷ್ಟು. ಆದರೆ ಎರಡು ಹೆಬ್ಬೆರಳಿನ ಎಲ್ಲ ಮಕ್ಕಳಿಗೂ ಇದೇ ಕಾರಣವಲ್ಲ. ಒಂದೇ ಕೈಯಲ್ಲಿ, ಮನೆತನದಲ್ಲಿ ಬೇರಾರಿಗೂ ಇಲ್ಲದೆ ತಾನಾಗಿ ಬರುವುದೇ ಹೆಚ್ಚು, ಮತ್ತು ಅಂಥಲ್ಲಿ ಮುಂದಿನ ಮಗುವಿಗೆ ಬರುವ ಸಂಭವ ಬಹಳ ಕಡಿಮೆ.

ಮಗುವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕಾಗಲಿ ತಮಗೆ ಅನುಕೂಲವಾದ ಇನ್ನೊಂದು ಕಡೆಗಾಗಲಿ ಕರೆದೊಯ್ದು ತೋರಿಸಿ. ಎರಡು ಹೆಬ್ಬೆರಳುಗಳಲ್ಲಿ ಮೂಳೆ ಎಲ್ಲಿ ಕವಲೊಡೆದಿದೆ, ಯಾವುದಕ್ಕೆ ಸ್ನಾಯುಗಳು ಸರಿಯಾಗಿ ಸೇರಿವೆ ಎಂಬುದನ್ನು ಎಕ್ಸ್‌ರೇ ತೆಗೆದು, ಕೈಯಾಡಿಸಿ ನೋಡಿ, ಶಸ್ತ್ರಚಿಕಿತ್ಸೆ ಬೇಕೇ, ಯಾವ ವಯಸ್ಸಿನಲ್ಲಿ ಎಂದು ವೈದ್ಯರು ಹೇಳುತ್ತಾರೆ. ಚಿಕ್ಕದೆಂದು ದಾರ ಕಟ್ಟಿ ಉದುರಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಹೆಬ್ಬೆರಳಿನಲ್ಲಿ ಮೂಳೆಯೂ ಕೀಲೂ ಹಂಚಿಕೆಯಾಗಿರುತ್ತವೆ. ಹೋಗುವ ಮೊದಲು ತಮ್ಮ ಕಡೆಯ ಮತ್ತು ಬೀಗರ ಕಡೆಯ ಹಿರಿಯರನ್ನೆಲ್ಲ ವಿಚಾರಿಸಿ, ಯಾರಿಗಾದರೂ ಹೆಚ್ಚು ಬೆರಳು ಇತ್ತೇ, ಹೆಬ್ಬೆರಳಿಗೆ ಎರಡರ ಬದಲು ಮೂರು ಗೆಣ್ಣು ಇತ್ತೇ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಮಗುವಿನ ಬಗ್ಗೆ ತಮ್ಮ ಮಗ, ಸೊಸೆ ಕೇಳುವ ಪ್ರಶ್ನೆಗೆ ವೈದ್ಯರು ಉತ್ತರ ಹೇಳಲು ಆ ಪಟ್ಟಿಯೇ ಬೇಕಾಗುತ್ತದೆ.