ಪೇಸ್‌ಮೇಕರ್ ಹಾಕಿಸಿದವರು ತೋಟದ ಮಿಷನ್ ಹತ್ತಿರ ಹೋಗಬಹುದಾ?

ಅಪ್ಪನಿಗೆ ಪೇಸ್‌ಮೇಕರ್ ಹಾಕಿಸಿ ಎರಡು ತಿಂಗಳಾಯಿತು, ಮನೆಯವರು ತೋಟಕ್ಕೇ ಬಿಡುತ್ತಿಲ್ಲ ಅಂತ ಶಿರಸಿಯ ಗೆಳೆಯರು ಬರೆದಿದ್ದೀರಿ. ಅಷ್ಟೆಲ್ಲ ಹೆದರಬೇಡಿ. ಮಿಷನ್ ಯಾವುದು ಅನ್ನುವುದಕ್ಕಿಂತ ಅದು ಎದೆಯಿಂದ ಎಷ್ಟು ದೂರ ಇದೆ ಅನ್ನುವುದು ಮುಖ್ಯ. ಮೋಟಾರಿನಂಥವುಗಳ ಅಯಸ್ಕಾಂತದ ಬಲ ಪೇಸ್‌ಮೇಕರ್‌ಗೆ ಅಡ್ಡಿ ಮಾಡಬಹುದು, ಆದರೆ ದೂರ ಸರಿದಂತೆ ಅದು ಬಹಳ ಬೇಗ ಇಳಿದುಬಿಡುತ್ತದೆ.

ಮೊದಲು ಆಸ್ಪತ್ರೆಯಲ್ಲಿ ಕೊಟ್ಟ ಕಾರ್ಡ್ ನೋಡಿ, ಹಾಕಿದ್ದು ಪೇಸ್‌ಮೇಕರಾ ಅಥವಾ ಐಸಿಡಿಯಾ (ಬಡಿತ ವಿಪರೀತ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಅಂತ ಅದರಲ್ಲಿರುತ್ತದೆ. ಸುಮಾರು 10 ಗಾಸ್‌ಗಿಂತ (ಗಾಸ್ ಅಂದರೆ ಅಯಸ್ಕಾಂತ ಬಲದ ಅಳತೆ) ಜಾಸ್ತಿ ಬಲ ತಾಗಿದರೆ ಪೇಸ್‌ಮೇಕರ್ ಸಾಮಾನ್ಯವಾಗಿ ಹೃದಯದ ಬಡಿತ ಗಮನಿಸುವುದನ್ನು ಬಿಟ್ಟು ಒಂದೇ ವೇಗದಲ್ಲಿ ಬಡಿಸಲು ಶುರುಮಾಡುತ್ತದೆ. ದೂರ ಮಾಡಿದರೆ ಮತ್ತೆ ಸರಿಯಾಗುತ್ತದೆ. ಐಸಿಡಿ ಆಗಿದ್ದರೆ ವಿಷಯ ಬೇರೆ. ಅಯಸ್ಕಾಂತ ಹತ್ತಿರ ಇರುವಷ್ಟು ಹೊತ್ತು ಅದು ಜೀವ ಉಳಿಸುವ ಶಾಕ್ ಕೊಡದೇ ಇರಬಹುದು.

ಎಲ್ಲರೂ ದೊಡ್ಡ ಮಿಷನ್‌ಗೆ ಹೆದರುತ್ತಾರೆ, ಅಂಗಿಯ ಎಡ ಕಿಸೆ ನೋಡುವುದೇ ಇಲ್ಲ. ರಾತ್ರಿ ಪಂಪ್‌ಹೌಸಿಗೆ ಒಯ್ಯುವ ಸಣ್ಣ ಎಲ್ಇಡಿ ಟಾರ್ಚ್ ಇದೆಯಲ್ಲ, ಅದರ ಬುಡ ತಿರುಗಿಸಿ ಒಂದು ಮೊಳೆ ಹಿಡಿದು ನೋಡಿ. ಎಷ್ಟೋ ಟಾರ್ಚ್‌ಗಳಲ್ಲಿ ಮೊಳೆ ಟಕ್ ಅಂತ ಅಂಟಿಕೊಳ್ಳುತ್ತದೆ. ಅದನ್ನು ಕಿಸೆಯಲ್ಲಿಟ್ಟರೆ ಸರಿಯಾಗಿ ಪೇಸ್‌ಮೇಕರ್ ಮೇಲೇ ಕೂರುತ್ತದೆ! ಮೊಬೈಲ್, ಇಯರ್‌ಬಡ್ ಡಬ್ಬಿ, ಅಯಸ್ಕಾಂತದ ಕವರ್ ಎಲ್ಲವೂ 15 ಸೆಂಟಿಮೀಟರ್ ದೂರ ಇರಲಿ. ಸ್ಪೀಕರ್ ರಿಪೇರಿ ಅಂತ ಎದೆಗೆ ಆನಿಸಿಕೊಳ್ಳುವುದೂ ಬೇಡ.

ಅಡಿಕೆ ಸುಲಿಯುವ ಮಿಷನ್ ಮೋಟಾರಿನಿಂದ ಎದೆ 30 ಸೆಂಟಿಮೀಟರ್ ದೂರ ಇದ್ದರೆ ಸಾಕು. ನನಗೆ ಜಾಸ್ತಿ ಚಿಂತೆ ಅರ್ಥಿಂಗ್‌ದು. ಮೈಗೆ ಕರೆಂಟ್ ಸೋರಿದರೆ ಪೇಸ್‌ಮೇಕರ್ ಗಲಿಬಿಲಿಯಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಆಮೇಲೆ ಅಪ್ಪನನ್ನು ಮಿಷನ್ ಹತ್ತಿರ ಕೂರಿಸಿ. ಹುಲ್ಲು ಕತ್ತರಿಸುವ ಮಿಷನ್, ಚೈನ್‌ಸಾಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವ ಭಾಗ ಎದೆಯಿಂದ ಅಷ್ಟೇ ದೂರ ಇರಬೇಕು. ಎಂಜಿನ್ ಬೆನ್ನಿಗೆ ಹೊರುವಂಥದ್ದು ಮಾತ್ರ ಬೇಡವೇ ಬೇಡ. ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ಕೈಯೆತ್ತಿ ದೋಟಿ ಹಿಡಿಯುವುದು ಇವೆಲ್ಲ ಡಾಕ್ಟರ್ ಹೂಂ ಅಂದಮೇಲೆ. ಒಳಗಿನ ವೈರ್ ಗಟ್ಟಿಯಾಗಿ ಕೂರಲು ಕೆಲವು ವಾರ ಬೇಕು.

ಹಂದಿಗೆ ಹಾಕಿದ ಸೋಲಾರ್ ಬೇಲಿಯ ಹತ್ತಿರ ಹೋಗುವ ಮುಂಚೆ ಯಾರಾದರೂ ಆಫ್ ಮಾಡಿರಲಿ. ಮಳೆಗಾಲದಲ್ಲಿ ತಂತಿಗೆ ತಾಗಿದ ಹುಲ್ಲು ಸವರಲು ಅಪ್ಪ ಹೋಗುವುದೇ ಬೇಡ.

ಗೇಟಿಗೆ ವೆಲ್ಡಿಂಗ್ ಬೇಕಾದರೆ ಬೇರೆಯವರು ಮಾಡಲಿ. ತಾವೇ ಮಾಡುವ ಕಸುಬಿನವರಾದರೆ 160 ಆಂಪಿಯರ್ ಒಳಗೆ, ಕಿಡಿ ಮತ್ತು ಕೇಬಲ್ ಎದೆಯಿಂದ 60 ಸೆಂಟಿಮೀಟರ್, ವೆಲ್ಡಿಂಗ್ ಮಿಷನ್ ಒಂದೂವರೆ ಮೀಟರ್ ದೂರ ಅಂತ ಪೇಸ್‌ಮೇಕರ್ ತಯಾರಕರು ಹೇಳುವುದುಂಟು. ಅಡುಗೆಮನೆಯ ಇಂಡಕ್ಷನ್ ಒಲೆಗೂ 60 ಸೆಂಟಿಮೀಟರ್.

ಕೆಲಸದ ಮಧ್ಯೆ ತಲೆ ತಿರುಗಿದರೆ, ಎದೆ ಡವಗುಟ್ಟಿದರೆ ಮಿಷನ್ ಬಿಟ್ಟು ದೂರ ಬರಬೇಕು. ಆದರೂ ಸರಿಯಾಗದಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಕಾರ್ಡ್ ಜೊತೆಗಿರಲಿ. ಮುಂದಿನ ತಪಾಸಣೆಗೆ ಹೋಗುವಾಗ ತೋಟದ ಮಿಷನ್‌ಗಳ ಪಟ್ಟಿ ಬರೆದುಕೊಂಡು ಹೋಗಿ, ಡಾಕ್ಟರ್ ಹತ್ತಿರ ಒಂದೊಂದಾಗಿ ಕೇಳಿ. ಪೇಸ್‌ಮೇಕರ್ ಮಾಡೆಲ್ ನೋಡಿ ಅವರು ಹೇಳಿದ ದೂರ ನಾನು ಹೇಳಿದ್ದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಹಿಡಿಯಿರಿ.