ಉಲ್ಲೇಖ ಬರಿಯ ಅಕ್ಷರವಾದರೆ ಸಾಲದು

ಪ್ರಶ್ನೆ: ನನ್ನ ಪ್ರಬಂಧದ ವರ್ಡ್ ಕಡತದಲ್ಲಿ ಉಲ್ಲೇಖ ಬರಬೇಕಾದ ಕಡೆಗಳಲ್ಲೆಲ್ಲ ಚೌಕ ಆವರಣದೊಳಗೆ ಒಂದೊಂದು ಗುರುತುಪದ ಬರೆದಿಟ್ಟಿದ್ದೆ. ಪೈಥಾನ್ ಮೂಲಕ ಆ ಜಾಗಗಳಲ್ಲಿ ಲೇಖಕರ ಹೆಸರು, ವರ್ಷ ತುಂಬಿಸಿದೆ. ಉಲ್ಲೇಖಗಳನ್ನು ನಿರ್ವಹಿಸುವ ತಂತ್ರಾಂಶವಾದ ಝೊಟೆರೊ ಅವನ್ನು ಗುರುತಿಸುತ್ತಿಲ್ಲ. ಕೆಲವು ಗುರುತುಪದಗಳಂತೂ ಬದಲಾಗದೆ ಉಳಿದಿವೆ. ಏನು ಮಾಡಲಿ?

ಉತ್ತರ: ನೀವು ತುಂಬಿಸಿರುವುದು ಬರಿಯ ಅಕ್ಷರಗಳನ್ನು, ಝೊಟೆರೊ ಹುಡುಕುವುದು ಫೀಲ್ಡ್ ಎಂಬ ರಚನೆಯನ್ನು. ಅದನ್ನು ಕಣ್ಣಾರೆ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಹೊಸ ಕಡತವೊಂದರಲ್ಲಿ ಝೊಟೆರೊದಿಂದಲೇ ಒಂದು ಉಲ್ಲೇಖ ಸೇರಿಸಿ ಉಳಿಸಿ. ವರ್ಡಿನ ಡಾಕ್ಸ್ (.docx) ಕಡತವೆಂದರೆ ಒಂದು ಜಿಪ್ ಪೊಟ್ಟಣವೇ ಆದ್ದರಿಂದ, ಅದನ್ನು ಬಿಚ್ಚಿ ಮುಖ್ಯ ಎಕ್ಸ್‌ಎಂಎಲ್ ಕಡತವನ್ನು ತೆರೆಯಿರಿ. ಅಲ್ಲಿ ಫೀಲ್ಡಿನ ಆರಂಭದ ಗುರುತು, ಸೂಚನಾ ಪಠ್ಯ, ನಡುವಣ ವಿಭಜಕ, ಓದುಗರಿಗೆ ಕಾಣುವ ಅಕ್ಷರ, ಮುಕ್ತಾಯದ ಗುರುತು ಇದೇ ಕ್ರಮದಲ್ಲಿ ಇರುತ್ತವೆ. ಪುಸ್ತಕದ ವಿವರವೆಲ್ಲ ಜೇಸನ್ (ಮಾಹಿತಿಯನ್ನು ಹೆಸರು-ಮೌಲ್ಯಗಳ ಜೋಡಿಯಾಗಿ ಬರೆಯುವ ಪಠ್ಯವಿನ್ಯಾಸ) ರೂಪದಲ್ಲಿ ಆ ಸೂಚನಾ ಪಠ್ಯದೊಳಗೆ ಅಡಗಿರುತ್ತದೆ.

ಪೈಥಾನಿನಿಂದ ವರ್ಡ್ ಕಡತ ತಿದ್ದಲು ಬಳಸುವ ಪೈಥಾನ್-ಡಾಕ್ಸ್ ಎಂಬ ಕೋಡ್ ಸಂಗ್ರಹದಲ್ಲಿ ಇದಕ್ಕೆ ಸಿದ್ಧ ಆದೇಶವಿಲ್ಲ. ಅದರ ಆಕ್ಸ್‌ಎಂಎಲ್ಎಲಿಮೆಂಟ್ (OxmlElement) ಎಂಬ, ಎಕ್ಸ್‌ಎಂಎಲ್ ತುಣುಕು ಕಟ್ಟುವ ಫಂಕ್ಷನ್ ಬಳಸಿ ಈ ಐದೂ ಭಾಗಗಳನ್ನು ನೀವೇ ಕಟ್ಟಬೇಕು. ಜೇಸನ್ ಪಠ್ಯವನ್ನು ಕೈಯಿಂದ ಜೋಡಿಸದೆ ಪೈಥಾನಿನ ಜೇಸನ್ ಮಾಡ್ಯೂಲಿಗೆ ಬಿಡಿ. ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಇಡೀ ಉಲ್ಲೇಖ ಕೆಡುತ್ತದೆ. ಪ್ರತಿ ಉಲ್ಲೇಖಕ್ಕೂ ಬೇರೆಯದೇ ಗುರುತುಸಂಖ್ಯೆ ಕೊಡಿ.

ಬದಲಾಗದೆ ಉಳಿದ ಗುರುತುಪದಗಳ ವಿಷಯಕ್ಕೆ ಬಂದರೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ವರ್ಡ್ ಒಂದು ವಾಕ್ಯವೃಂದವನ್ನು ರನ್ ಎಂಬ ತುಣುಕುಗಳಾಗಿ ಇಟ್ಟುಕೊಳ್ಳುತ್ತದೆ. ನೀವು ನಡುವೆ ಒಂದಕ್ಷರ ತಿದ್ದಿದ್ದರೂ ಸಾಕು, ಚೌಕ ಆವರಣ ಒಂದು ತುಣುಕಿನಲ್ಲಿ, ಗುರುತುಪದದ ಉಳಿದ ಭಾಗ ಇನ್ನೊಂದರಲ್ಲಿ ಬಿದ್ದಿರಬಹುದು. ಒಂದೊಂದೇ ರನ್ನಿನಲ್ಲಿ ಹುಡುಕುವ ಕೋಡಿಗೆ ಅದು ಸಿಗುವುದಿಲ್ಲ. ಹಾಗಾಗಿ ಇಡೀ ವಾಕ್ಯವೃಂದದ ಪಠ್ಯದಲ್ಲಿ ಹುಡುಕಿ, ಅದು ಯಾವ ರನ್ನಿನ ಎಷ್ಟನೆಯ ಅಕ್ಷರದಿಂದ ಶುರುವಾಗುತ್ತದೆಂದು ಲೆಕ್ಕ ಹಾಕಿ, ಅಲ್ಲಿ ರನ್ನನ್ನು ಸೀಳಿ ಫೀಲ್ಡ್ ಸೇರಿಸಿ. ಸುಲಭವೆಂದು ವಾಕ್ಯವೃಂದದ ಪಠ್ಯವನ್ನೇ ಹೊಸದಾಗಿ ಬರೆದುಬಿಡಬೇಡಿ. ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧದ ಓರೆ ಅಕ್ಷರ, ದಪ್ಪ ಅಕ್ಷರಗಳೆಲ್ಲ ಅಳಿಸಿಹೋಗುತ್ತವೆ.

ಲಿಬ್ರೆ ಆಫೀಸಿನ ಒಡಿಟಿ ಕಡತದಲ್ಲಿ ಉಲ್ಲೇಖಗಳನ್ನು ಇಡುವ ಬಗೆ ಬೇರೆ; ಈ ಕೋಡ್ ಅಲ್ಲಿಗೆ ಹೊಂದದು. ಮುಂದೆ ವರ್ಡಿನಲ್ಲಿ ಝೊಟೆರೊ ಮೂಲಕ ಉಲ್ಲೇಖದ ಶೈಲಿ ಬದಲಿಸುವ ಅಗತ್ಯವೇ ಇಲ್ಲದವರು ಸರಳ ಪಠ್ಯವಿನ್ಯಾಸವಾದ ಮಾರ್ಕ್‌ಡೌನಿನಲ್ಲಿ ಬರೆದು, ಅದನ್ನು ವರ್ಡ್ ಕಡತವಾಗಿಸುವ ಪ್ಯಾನ್‌ಡಾಕ್ ತಂತ್ರಾಂಶ ಬಳಸುವುದು ಲೇಸು. ನಿಮಗೆ ಆ ಅಗತ್ಯವಿದ್ದರೆ, ಮೂಲ ಕಡತದ ಪ್ರತಿಯೊಂದರಲ್ಲಿ ಮೊದಲು ಒಂದೇ ಉಲ್ಲೇಖಕ್ಕೆ ಕೋಡ್ ಓಡಿಸಿ, ವರ್ಡಿನಲ್ಲಿ ತೆರೆದು ಝೊಟೆರೊದ ರಿಫ್ರೆಶ್ ಒತ್ತಿ, ಶೈಲಿ ಬದಲಿಸಿದಾಗ ಆ ಉಲ್ಲೇಖವೂ ಬದಲಾಗುವುದನ್ನು ಕಂಡ ಮೇಲೆಯೇ ಉಳಿದವುಗಳಿಗೆ ಕೈಹಾಕಿ.